ಮಷೀನು ಒರಿಜಿನಲ್, ಮುಖ ಬೇರೆ: ಹಳೆಯ ಕೈಗಡಿಯಾರಗಳ ಸಾಚಾತನದ ಪ್ರಶ್ನೆ

ಮಾನ್ಯರೇ,

ಇಂದಿನ ಮಾತನ್ನು ಈ ಒಂದು ಗಡಿಯಾರದಿಂದ ಆರಂಭಿಸುತ್ತೇನೆ. ಕಪ್ಪು ಡಯಲ್, ಅದರ ಮೇಲೆ ದೊಡ್ಡ ಬಿಳಿಯ ಅಂಕಿಗಳು, ದಿನಕ್ಕೊಮ್ಮೆ ಕೀ ಕೊಡಬೇಕಾದ ಎಚ್‌ಎಂಟಿ ಪೈಲಟ್. ಎಪ್ಪತ್ತರ ದಶಕದ್ದು, ಯಾರೋ ಕೊಂಡು ಬೀರುವಿನಲ್ಲಿಟ್ಟು ಮರೆತದ್ದು, ಒಳಗಿನ ಒಂದು ಸ್ಕ್ರೂ ಕೂಡ ಬದಲಾಗಿಲ್ಲ ಎಂದು ಮಾರಿದವರು ನನಗೆ ಭರವಸೆ ಕೊಟ್ಟಿದ್ದರು. ಡಯಲ್ ಫಳಫಳ ಹೊಳೆಯುತ್ತಿತ್ತು. ಅಷ್ಟು ವರ್ಷ ಕಳೆದರೂ ಒಂದು ಚುಕ್ಕೆ ಇಲ್ಲದಿರುವುದನ್ನು ನಾನು ಅದೃಷ್ಟವೆಂದು ಭಾವಿಸಿದೆ.

ಕೊಂಡ ಒಂದು ತಿಂಗಳಿಗೆ ಅದನ್ನು ಆಯಿಲಿಂಗ್‌ಗೆಂದು ಚಿಕ್ಕಪೇಟೆಯ ಓಣಿಯೊಂದರಲ್ಲಿ ಬಹುಕಾಲದಿಂದ ಕುಳಿತಿರುವ ಹಿರಿಯ ರಿಪೇರಿಯವರ ಬಳಿಗೆ ಒಯ್ದೆ. ಅವರು ಕಣ್ಣಿಗೆ ಮಸೂರ ಸಿಕ್ಕಿಸಿಕೊಂಡು ಹಿಂಬದಿಯ ಮುಚ್ಚಳ ತೆಗೆದರು, ಒಳಗಿನ ಚಕ್ರಗಳನ್ನು ನೋಡಿ ತಲೆಯಾಡಿಸಿದರು, ಗಡಿಯಾರವನ್ನು ತಿರುಗಿಸಿ ಡಯಲನ್ನು ನೋಡಿದವರು ಮಾತ್ರ ಸ್ವಲ್ಪ ಹೊತ್ತು ಸುಮ್ಮನಿದ್ದು, “ಮಷೀನು ಒರಿಜಿನಲ್ ಸಾರ್. ಮುಖ ಬೇರೆ. ಡಯಲ್ ಹೊಡೆಸಿದ್ದಾರೆ” ಎಂದರು. ಮುಳ್ಳುಗಳನ್ನು ಕಳಚಿ, ಡಯಲನ್ನು ಬಿಡಿಸಿ, ಮಸೂರವನ್ನು ನನ್ನ ಕೈಗೆ ಕೊಟ್ಟರು. ಮುಳ್ಳುಗಳು ಕೂರುವ ನಡುವಿನ ತೂತಿನ ಅಂಚಿನಲ್ಲಿ ಕಪ್ಪು ಬಣ್ಣ ಒಂದು ಕೂದಲಿನಷ್ಟು ಎದ್ದಿತ್ತು. ಅದರ ಕೆಳಗಿನಿಂದ ಬೆಳ್ಳಗಿನ ಇನ್ನೊಂದು ಬಣ್ಣ ಇಣುಕುತ್ತಿತ್ತು. ಬರಿಗಣ್ಣಿಗೆ ನೇರವಾಗಿ ಕಂಡಿದ್ದ ಅಕ್ಷರಗಳ ಅಂಚುಗಳು ಮಸೂರದಡಿಯಲ್ಲಿ ಒದ್ದೆ ಕಾಗದದ ಮೇಲಿನ ಶಾಯಿಯಂತೆ ಹರಡಿಕೊಂಡಿದ್ದವು. ಒಂದು ಕಾಲದಲ್ಲಿ ಬಿಳಿಯ ಮುಖ ಹೊತ್ತು ಯಾರದೋ ಕೈಯಲ್ಲಿ ದುಡಿದಿದ್ದ ಗಡಿಯಾರವನ್ನು ತಂದು, ಉಜ್ಜಿ, ಕಪ್ಪು ಬಳಿದು, ಹೊಸ ಹೆಸರು ಅಚ್ಚೊತ್ತಿ ನನಗೆ ಮಾರಿದ್ದರು.

ಹೋದ ಹಣಕ್ಕಿಂತ ಹೆಚ್ಚಾಗಿ ನನ್ನನ್ನು ಕಾಡಿದ ಸಂಗತಿ ಬೇರೆ. ಆ ಗಡಿಯಾರ ಪೂರ್ತಿ ನಕಲಿಯಾಗಿದ್ದರೆ ಎಸೆದು ಮರೆಯಬಹುದಿತ್ತು. ಅದರ ಮಷೀನು ಬೆಂಗಳೂರಿನ ಹುಡುಗಿಯರೂ ಹುಡುಗರೂ ಸಾಲು ಮೇಜುಗಳ ಮುಂದೆ ಕುಳಿತು ಜೋಡಿಸಿದಂಥ ಮಷೀನು. ಇಂದಿಗೂ ಸಮಯ ತಪ್ಪುವುದಿಲ್ಲ. ಆ ನಿಜವನ್ನೇ ಬಂಡವಾಳ ಮಾಡಿಕೊಂಡು ಅದರ ಮೇಲೊಂದು ಸುಳ್ಳನ್ನು ಕೂರಿಸಿದ್ದರು. ಹಳೆಯ ಗಡಿಯಾರಗಳ ಮಾರುಕಟ್ಟೆಯಲ್ಲಿ ನಡೆಯುವ ವಂಚನೆಯ ಬಹುಪಾಲು ಈ ಬಗೆಯದು ಎಂಬುದೇ ಇಂದು ನಾನು ನಿಮ್ಮ ಮುಂದಿಡಬೇಕೆಂದಿರುವ ವಿಚಾರ. ಇಲ್ಲಿ ಮೋಸ ಲೋಹದಲ್ಲಿ ಇರುವುದಕ್ಕಿಂತ ಹೆಚ್ಚಾಗಿ, ಹೇಳದೆ ಮುಚ್ಚಿಟ್ಟ ಮಾತಿನಲ್ಲಿ ಇರುತ್ತದೆ.

ಎಚ್‌ಎಂಟಿಯ ಕತೆ ನಮ್ಮೂರಿನ ಕತೆಯಾದ್ದರಿಂದ ಅದನ್ನು ತುಸು ವಿವರವಾಗಿ ಹೇಳುತ್ತೇನೆ. 1953ರಲ್ಲಿ ಜಾಲಹಳ್ಳಿಯಲ್ಲಿ ಯಂತ್ರೋಪಕರಣಗಳ ಕಾರ್ಖಾನೆಯಾಗಿ ಆರಂಭವಾದ ಹಿಂದೂಸ್ಥಾನ್ ಮಷೀನ್ ಟೂಲ್ಸ್, 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಲ್ಲಿ ಬೆಂಗಳೂರಿನಲ್ಲಿ ಕೈಗಡಿಯಾರಗಳ ತಯಾರಿಕೆಗೆ ಇಳಿಯಿತು. ಮೊದಲ ಗಡಿಯಾರಗಳನ್ನು ಜವಾಹರಲಾಲ್ ನೆಹರೂ ಬಿಡುಗಡೆ ಮಾಡಿದರು. ಮುಂದೆ ತುಮಕೂರಿನಲ್ಲಿ, ಕಾಶ್ಮೀರದಲ್ಲಿ, ಇಂದಿನ ಉತ್ತರಾಖಂಡದ ರಾಣಿಬಾಗ್‌ನಲ್ಲಿ ಕಾರ್ಖಾನೆಗಳು ಬಂದವು. ಜನತಾ, ಪೈಲಟ್, ಸೋನಾ, ಕಾಂಚನ್ ಎಂಬ ಹೆಸರುಗಳು ನಮ್ಮ ಮದುವೆಗಳಲ್ಲಿ, ಪರೀಕ್ಷೆ ಪಾಸಾದ ಮಕ್ಕಳ ಕೈಗಳಲ್ಲಿ, ನಿವೃತ್ತಿಯ ಸಮಾರಂಭಗಳಲ್ಲಿ ಬೆರೆತುಹೋದವು. ಬ್ಯಾಟರಿ ಗಡಿಯಾರಗಳ ಕಾಲ ಬಂದ ಮೇಲೆ ಕಂಪನಿ ಸೊರಗುತ್ತ ಬಂತು. 2016ರ ಜನವರಿಯಲ್ಲಿ ಕೇಂದ್ರ ಸಚಿವ ಸಂಪುಟ ಎಚ್‌ಎಂಟಿ ವಾಚಸ್ ಕಂಪನಿಯನ್ನು ಮುಚ್ಚಲು ಒಪ್ಪಿಗೆ ಕೊಟ್ಟಿತು.

ಮುಚ್ಚುತ್ತದೆ ಎಂಬ ಸುದ್ದಿ ಹರಡಿದೊಡನೆ, ಮೂಲೆಯಲ್ಲಿ ಬಿದ್ದಿದ್ದ ಗಡಿಯಾರಗಳಿಗೆ ಬೆಲೆ ಬಂತು. ಅಪ್ಪನ ಗಡಿಯಾರವನ್ನು ನೆನೆಸಿಕೊಂಡು ಮಕ್ಕಳು ಹುಡುಕತೊಡಗಿದರು. ಬೇಡಿಕೆ ಹೆಚ್ಚಾದಾಗ ಪೂರೈಕೆಯೂ ಹುಟ್ಟಿಕೊಳ್ಳುತ್ತದೆ. ಜನತಾ ಮತ್ತು ಪೈಲಟ್ ಎರಡರಲ್ಲೂ ಸಿಟಿಜನ್ ವಿನ್ಯಾಸದಿಂದ ಬಂದ, 0231 ಎಂಬ ಸಂಖ್ಯೆಯ, ಹದಿನೇಳು ಜುವೆಲ್‌ಗಳ (ಚಕ್ರಗಳ ಸವೆತ ತಡೆಯುವ ಪುಟ್ಟ ಹರಳುಗಳ) ಮಷೀನೇ ಇರುತ್ತದೆ ಎಂಬುದನ್ನು ಇಲ್ಲಿ ಗಮನಿಸಬೇಕು. ಜನತಾ ಊರೂರಲ್ಲಿ ಸಿಗುತ್ತದೆ. ಕಪ್ಪು ಮುಖದ ಹಳೆಯ ಪೈಲಟ್‌ಗೆ ಕೊಳ್ಳುವವರು ಹೆಚ್ಚು. ಒಳಗಿನದು ಒಂದೇ ಆಗಿರುವಾಗ, ಒಂದು ರೂಪಾಯಿ ನಾಣ್ಯಕ್ಕಿಂತ ಸ್ವಲ್ಪ ದೊಡ್ಡದಾದ ಒಂದು ತೆಳು ಹಿತ್ತಾಳೆಯ ಬಿಲ್ಲೆಗೆ ಬಣ್ಣ ಬದಲಿಸಿದರೆ ಬೆಲೆಯೂ ಬದಲಾಗುತ್ತದೆ. ಗಡಿಯಾರದಲ್ಲಿ ಕೊಳ್ಳುವವನ ಕಣ್ಣು ಮೊದಲು ಬೀಳುವ ಭಾಗವೇ ಸುಲಭವಾಗಿ ಬದಲಿಸಬಹುದಾದ ಭಾಗವೂ ಆಗಿರುವುದರಿಂದ ಈ ವ್ಯಾಪಾರ ಬೆಳೆದಿದೆ.

ಡಯಲ್ ಹೊಡೆಯುವ ಕೆಲಸ ಹೊಸದೇನಲ್ಲ, ಅದು ಹುಟ್ಟಿನಿಂದ ಕೆಟ್ಟದ್ದೂ ಅಲ್ಲ. ನಮ್ಮ ಕರಾವಳಿಯಲ್ಲಾಗಲಿ ಮುಂಬಯಿಯಲ್ಲಾಗಲಿ ಮಳೆಗಾಲದ ತೇವ ಗಾಜಿನೊಳಕ್ಕೆ ಇಳಿದರೆ ಡಯಲ್ ಮೇಲೆ ಕಪ್ಪು ಚುಕ್ಕೆಗಳು ಏಳುತ್ತವೆ. ಬೆವರು ಗಡಿಯಾರದ ಹೊರಕವಚವಾದ ಕೇಸನ್ನು ತಿನ್ನುತ್ತದೆ. ಆ ಕಾಲದಲ್ಲಿ ಒಂದು ಕೈಗಡಿಯಾರವೆಂದರೆ ಬಹಳ ದಿನ ಕೂಡಿಟ್ಟ ಹಣ. ಮುಖ ಕೆಟ್ಟಿತೆಂದು ಯಾರೂ ಹೊಸದನ್ನು ಕೊಳ್ಳುತ್ತಿರಲಿಲ್ಲ. ಹಳೆಯ ಬಣ್ಣವನ್ನು ಕಿತ್ತು, ಹೊಸದನ್ನು ಬಳಿದು, ಅಕ್ಷರ ಕೊರೆದ ತಗಡಿನಿಂದ ಶಾಯಿಯನ್ನು ಮೆದುವಾದ ಒತ್ತುಗುಂಡಿನ ಮೂಲಕ ಎತ್ತಿ ಡಯಲ್ ಮೇಲೆ ಒತ್ತುವ ಕುಶಲಕರ್ಮಿಗಳು ಮುಂಬಯಿಯಲ್ಲಿ ಬೇಕಾದಷ್ಟು ಜನ ಇದ್ದರು. ಮಾಲೀಕನೇ ಕೇಳಿ ಮಾಡಿಸಿಕೊಳ್ಳುತ್ತಿದ್ದ. ಮರೆಮಾಚುವುದಕ್ಕೆ ಅಲ್ಲಿ ಏನೂ ಇರಲಿಲ್ಲ. ಆ ಕುಶಲಕರ್ಮಿಗಳ ಬಗ್ಗೆ ನನಗೆ ಗೌರವವಿದೆ. ಅವರ ಕೆಲಸವಿಲ್ಲದಿದ್ದರೆ ಸಾವಿರಾರು ಗಡಿಯಾರಗಳು ಗುಜರಿಗೆ ಹೋಗುತ್ತಿದ್ದವು.

ಮೋಸ ಹುಟ್ಟುವುದು ಅದೇ ಕೆಲಸವನ್ನು ಮುಚ್ಚಿಟ್ಟು ಮಾರುವಾಗ. ಇಂದು ಪ್ರಪಂಚದ ಬೇರೆ ಬೇರೆ ಕಡೆಯ ಸಂಗ್ರಾಹಕರು ಇಂಥ ಗಡಿಯಾರಗಳನ್ನು ‘ಮುಂಬಯಿ ಸ್ಪೆಷಲ್’ ಎಂದೇ ಕರೆಯುತ್ತಾರೆ. ಆ ಮಾತನ್ನು ಕೇಳಿದಾಗ ನನಗೆ ನೋವಾಗುತ್ತದೆ. 1865ರಿಂದಲೇ ಮುಂಬಯಿಯಲ್ಲಿ ನೆಲೆಯೂರಿ, ನಮ್ಮ ಅಜ್ಜಂದಿರ ಕಾಲಕ್ಕೆ ಮನೆಮಾತಾಗಿದ್ದ ಸ್ವಿಸ್ ಕಂಪನಿ ಫಾವ್ರೆ ಲೂಬಾದ ಸೀ ಕಿಂಗ್ ಗಡಿಯಾರಗಳು, ಆ ಕಂಪನಿ ಎಂದೂ ಬಳಸದಂಥ ಕಿತ್ತಳೆ, ಗಿಳಿಹಸಿರು ಬಣ್ಣಗಳಲ್ಲಿ ಮಾರಾಟಕ್ಕಿವೆ. ಭಾರತದ ಮಾರುಕಟ್ಟೆಗೆಂದೇ 1886ರಲ್ಲಿ ಹುಟ್ಟಿದ ವೆಸ್ಟ್ ಎಂಡ್ ಕಂಪನಿಯ ಸೋವಾರ್ ಗಡಿಯಾರಗಳ ಗತಿಯೂ ಅದೇ. ಎಚ್‌ಎಂಟಿಯ ವಿಷಯದಲ್ಲಿ ಇನ್ನೊಂದು ತೊಡಕಿದೆ. ಗಡಿಯಾರದ ಕಂಪನಿ ಮುಚ್ಚಿದರೂ ಮಾತೃಸಂಸ್ಥೆ ಅದೇ ಹಳೆಯ ಹೆಸರುಗಳಲ್ಲಿ ಗಡಿಯಾರಗಳನ್ನು ಮಾರುತ್ತ ಬಂದಿದೆ. ಅವು ಸಾಚಾ ಎಚ್‌ಎಂಟಿಗಳೇ. ಆದರೆ ನಿನ್ನೆ ಮೊನ್ನೆ ಕೊಂಡ ಪೈಲಟ್ ಒಂದನ್ನು ನಾಲ್ಕು ಕಡೆ ಗೀಚಿ, ಹಳೆಯ ಪಟ್ಟಿ ಹಾಕಿ, ಅರ್ಧ ಶತಮಾನ ಹಿಂದಕ್ಕೆ ತಳ್ಳಿ ಮಾರಿದರೆ ಅದನ್ನೂ ವಂಚನೆ ಎಂದೇ ಕರೆಯಬೇಕಾಗುತ್ತದೆ.

ಇದು ನಮ್ಮ ಸಂತೆಪೇಟೆಗಳ ರೋಗ, ದೊಡ್ಡ ಹರಾಜುಗಳಲ್ಲಿ ಹೀಗಾಗುವುದಿಲ್ಲ ಎಂದು ನಿಮ್ಮಲ್ಲಿ ಯಾರಿಗಾದರೂ ಅನಿಸುತ್ತಿದ್ದರೆ, 2021ರ ನವೆಂಬರ್‌ನಲ್ಲಿ ಜಿನೀವಾದಲ್ಲಿ ನಡೆದುದನ್ನು ಕೇಳಬೇಕು. ಫಿಲಿಪ್ಸ್ ಎಂಬ ಹೆಸರಾಂತ ಹರಾಜು ಸಂಸ್ಥೆ 1957ರ ಒಮೆಗಾ ಸ್ಪೀಡ್‌ಮಾಸ್ಟರ್ ಒಂದನ್ನು ಹರಾಜಿಗೆ ಇಟ್ಟಿತು. ಸಿಕೆ 2915-1 ಎಂಬ, ಆ ಮಾದರಿಯ ಮೊಟ್ಟಮೊದಲ ಪೀಳಿಗೆಯದು. ಅದರ ಡಯಲ್ ಕಾಲಾಂತರದಲ್ಲಿ ಕಪ್ಪಿನಿಂದ ಕಂದು ಬಣ್ಣಕ್ಕೆ ತಿರುಗಿತ್ತು. ಬಿಸಿಲಿಗೆ ಬಣ್ಣ ಮಾಗಿದ ಇಂಥ ಡಯಲ್‌ಗಳಿಗೆ ಸಂಗ್ರಾಹಕರು ‘ಟ್ರಾಪಿಕಲ್’ ಎಂದು ಹೆಸರಿಟ್ಟು ಹೆಚ್ಚು ಬೆಲೆ ಕೊಡುತ್ತಾರೆ; ಬಣ್ಣದ ದೋಷವೇ ಇಲ್ಲಿ ಆಭರಣವಾಗಿದೆ. 80 ಸಾವಿರದಿಂದ 1 ಲಕ್ಷ 20 ಸಾವಿರ ಸ್ವಿಸ್ ಫ್ರಾಂಕ್‌ಗಳ ಅಂದಾಜಿದ್ದ ಆ ಗಡಿಯಾರ 31 ಲಕ್ಷ ಫ್ರಾಂಕ್‌ಗಳಿಗೂ ಮೇಲೆ ಹೋಯಿತು. ಕೊಂಡದ್ದು ಒಮೆಗಾ ಕಂಪನಿಯೇ, ತನ್ನ ವಸ್ತುಸಂಗ್ರಹಾಲಯಕ್ಕಾಗಿ. 2023ರಲ್ಲಿ ಸತ್ಯ ಹೊರಬಿತ್ತು. ಅದು ಬೇರೆ ಬೇರೆ ಗಡಿಯಾರಗಳಿಂದ ತೆಗೆದ, ಬಹುಮಟ್ಟಿಗೆ ಒಮೆಗಾದವೇ ಆದ ಬಿಡಿಭಾಗಗಳನ್ನು ಕೂಡಿಸಿ ಕಟ್ಟಿದ ಗಡಿಯಾರವಾಗಿತ್ತು. ತನ್ನ ಮೂವರು ಮಾಜಿ ನೌಕರರ ಕೈವಾಡ ಇದರಲ್ಲಿದೆ ಎಂದು ಕಂಪನಿಯೇ ಹೇಳಬೇಕಾಗಿ ಬಂತು. ಗಡಿಯಾರವನ್ನು ತಯಾರಿಸಿದ ಕಂಪನಿಯೇ ತನ್ನ ಹೆಸರಿನ ಗಡಿಯಾರದಿಂದ ಮೋಸ ಹೋದ ಸಂದರ್ಭ ಇದು. ಚಿಕ್ಕಪೇಟೆಯ ರಿಪೇರಿಯವರು ನನ್ನ ಪೈಲಟ್ ಬಗ್ಗೆ ಆಡಿದ ಮಾತಿಗೂ ಇದಕ್ಕೂ ಹಣದ ಮೊತ್ತದಲ್ಲಿ ಅಂತರವಿದೆ, ಬಗೆಯಲ್ಲಿ ಇಲ್ಲ.

ಡಯಲ್ ಒಂದೇ ಬೆಲೆಯನ್ನು ಎಲ್ಲಿಂದ ಎಲ್ಲಿಗೆ ಒಯ್ಯಬಲ್ಲದು ಎನ್ನುವುದಕ್ಕೆ ರೋಲೆಕ್ಸ್ ಡೇಟೋನಾ ಇನ್ನೊಂದು ನಿದರ್ಶನ. ಅರವತ್ತರ, ಎಪ್ಪತ್ತರ ದಶಕಗಳಲ್ಲಿ ಅಂಗಡಿಯವರು ಮಾರಲು ಒದ್ದಾಡುತ್ತಿದ್ದ ಒಂದು ಬಗೆಯ ಅಲಂಕಾರದ ಡಯಲ್, ಮುಂದೆ ಹಾಲಿವುಡ್ ನಟ ಪಾಲ್ ನ್ಯೂಮನ್‌ರ ಹೆಸರಿನಿಂದ ಪ್ರಸಿದ್ಧವಾಯಿತು. ಅವರ ಸ್ವಂತ ಗಡಿಯಾರ 2017ರಲ್ಲಿ ನ್ಯೂಯಾರ್ಕ್‌ನಲ್ಲಿ 1 ಕೋಟಿ 77 ಲಕ್ಷ ಡಾಲರ್‌ಗೂ ಹೆಚ್ಚು ಬೆಲೆಗೆ ಹರಾಜಾಯಿತು. ಅದೇ ಕೇಸು, ಅದೇ ಮಷೀನು ಇರುವ ಸಾಮಾನ್ಯ ಡಯಲ್‌ನ ಡೇಟೋನಾ ಅದರ ಹತ್ತಿರಕ್ಕೂ ಬರುವುದಿಲ್ಲ. ಹೀಗಿರುವಾಗ ಆ ಡಯಲ್‌ಗಳ ನಕಲು ಹುಟ್ಟದೇ ಇದ್ದರೇ ಆಶ್ಚರ್ಯ.

ಕನ್ನಡದ ವಿದ್ಯಾರ್ಥಿಯಾದ ನನಗೆ ಈ ವಿಷಯವನ್ನು ಓದುತ್ತ ಹೋದಂತೆ ನಮ್ಮ ಶಾಸನಶಾಸ್ತ್ರದ ಒಂದು ಪದ ಮತ್ತೆ ಮತ್ತೆ ನೆನಪಾಯಿತು: ಕೂಟಶಾಸನ. ಭೂಮಿಯ ಮೇಲೆ ಹಕ್ಕು ಸಾಧಿಸಲು, ಹಿಂದಿನ ರಾಜನ ಹೆಸರಿನಲ್ಲಿ, ತಡವಾಗಿ ಬರೆಸಿದ ಸುಳ್ಳು ತಾಮ್ರಪಟಕ್ಕೆ ವಿದ್ವಾಂಸರು ಬಳಸುವ ಹೆಸರು ಅದು. ಗಂಗರ ಅನೇಕ ತಾಮ್ರಪಟಗಳನ್ನು ಶಾಸನತಜ್ಞ ಜೆ. ಎಫ್. ಫ್ಲೀಟ್ ಕೂಟಶಾಸನಗಳೆಂದು ತಳ್ಳಿಹಾಕಿದರು; ಇನ್ನೊಬ್ಬ ಶಾಸನತಜ್ಞ ಬಿ. ಎಲ್. ರೈಸ್ ಹಲವನ್ನು ಸಮರ್ಥಿಸಿಕೊಂಡರು. ಆ ವಾದ ವರ್ಷಗಟ್ಟಲೆ ನಡೆಯಿತು. ಪರೀಕ್ಷೆಯ ಕ್ರಮವನ್ನು ನೋಡಿ. ತಾಮ್ರ ಹಳೆಯದೋ ಎಂದು ಕೇಳಿ ಅವರು ಸುಮ್ಮನಾಗುತ್ತಿರಲಿಲ್ಲ. ಹೇಳಿಕೊಂಡ ಕಾಲದ ಲಿಪಿಗೆ ಈ ಅಕ್ಷರಗಳ ಬಾಗು ಹೊಂದುತ್ತದೆಯೇ, ಶಕವರ್ಷ, ತಿಥಿ, ವಾರಗಳು ಲೆಕ್ಕಕ್ಕೆ ಕೂಡಿಬರುತ್ತವೆಯೇ, ಭಾಷೆ ಆ ಕಾಲದ್ದೇ ಎಂದು ಒಂದರ ಸಾಕ್ಷ್ಯವನ್ನು ಇನ್ನೊಂದರಿಂದ ಒರೆಗೆ ಹಚ್ಚುತ್ತಿದ್ದರು. ಅದರ ಜೊತೆಗೆ, ಹಳೆಯ ತಾಮ್ರಪಟವನ್ನು ನೋಡಿ ಕಲ್ಲಿಗೆ ಪ್ರತಿ ಮಾಡಿಸಿದ್ದೇವೆ ಎಂದು ತಾವೇ ಹೇಳುವ ಶಾಸನಗಳೂ ನಮ್ಮಲ್ಲಿವೆ. ಅವನ್ನು ಯಾರೂ ಕೂಟಶಾಸನ ಎನ್ನುವುದಿಲ್ಲ. ಪ್ರತಿ ಎಂದು ಒಪ್ಪಿಕೊಂಡ ಪ್ರತಿ ಒಂದು ಪ್ರಾಮಾಣಿಕ ದಾಖಲೆ. ಹೊಡೆಸಿದ ಡಯಲ್‌ಗೂ ನಾನು ಕೇಳುವುದು ಇಷ್ಟನ್ನೇ.

ಗಡಿಯಾರದ ತಿಥಿವಾರಗಳು ಎಲ್ಲಿರುತ್ತವೆ? ಕತ್ತಲಲ್ಲಿ ಹೊಳೆಯುವ ಬಣ್ಣವನ್ನು ತೆಗೆದುಕೊಳ್ಳಿ. ಇಪ್ಪತ್ತನೆಯ ಶತಮಾನದ ಆರಂಭದಿಂದ ಅರವತ್ತರ ದಶಕದವರೆಗೆ ಸ್ವಿಸ್ ಗಡಿಯಾರಗಳ ಅಂಕಿ ಮತ್ತು ಮುಳ್ಳುಗಳಿಗೆ ರೇಡಿಯಂ ಬೆರೆತ ಬಣ್ಣ ಹಚ್ಚುತ್ತಿದ್ದರು. ಅದರ ಅಪಾಯ ತಿಳಿದ ಮೇಲೆ ಅರವತ್ತರ ದಶಕದಲ್ಲಿ ಟ್ರಿಷಿಯಂ ಬಂತು. ಅದನ್ನು ಸೂಚಿಸಲು ಡಯಲ್‌ನ ತಳದಂಚಿನಲ್ಲಿ ಸ್ವಿಸ್ ಎಂಬ ಮಾತಿನ ಆಚೀಚೆ ‘ಟಿ’ ಅಕ್ಷರ ಸೇರಿತು. ತೊಂಬತ್ತರ ದಶಕದಲ್ಲಿ ವಿಕಿರಣವಿಲ್ಲದ, ಬೆಳಕು ಕುಡಿದು ಹೊಳೆಯುವ ಬಣ್ಣಗಳು ಬಂದವು. ಟ್ರಿಷಿಯಂನ ಅರ್ಧಾಯುಷ್ಯ, ಅಂದರೆ ಅದು ಅರ್ಧದಷ್ಟು ಕರಗಲು ಹಿಡಿಯುವ ಕಾಲ, ಸುಮಾರು 12.3 ವರ್ಷ. ಅಂದರೆ ಅರವತ್ತರ ದಶಕದ ನಡುವಿನ ಗಡಿಯಾರವೊಂದರಲ್ಲಿ ಇಂದು ಉಳಿದಿರುವುದು ಮೂಲದ ಸುಮಾರು ಮೂವತ್ತನೆಯ ಒಂದು ಪಾಲು ಮಾತ್ರ. ಅಂಥ ಗಡಿಯಾರ ದೀಪ ಆರಿಸಿದ ಮೇಲೆ ಕೋಣೆಯಲ್ಲಿ ಮಿಣುಕುಹುಳದಂತೆ ಬಹಳ ಹೊತ್ತು ಹೊಳೆಯುತ್ತಿದ್ದರೆ, ಆ ಬಣ್ಣವನ್ನು ಈಚೆಗೆ ಹಚ್ಚಿದ್ದಾರೆಂದೇ ಅರ್ಥ. ಹೊಸ ಬಣ್ಣ ಬೆಳ್ಳಗೆ ಕಾಣುತ್ತದೆಂದು ಅದಕ್ಕೆ ಚಹಾ, ಕಾಫಿಯ ಕಂದು ಕೊಟ್ಟು ಮುಪ್ಪು ಬರಿಸುವವರಿದ್ದಾರೆ. ಆಗ ಅಂಕಿಗಳ ಬಣ್ಣ ಒಂದು, ಮುಳ್ಳುಗಳದು ಇನ್ನೊಂದು ಆಗಿ ಸಿಕ್ಕಿಬೀಳುವುದೂ ಉಂಟು. ಪ್ರಸಂಗವಶಾತ್ ಒಂದು ಎಚ್ಚರಿಕೆ ಹೇಳಬೇಕು: ರೇಡಿಯಂನ ಅರ್ಧಾಯುಷ್ಯ ಸುಮಾರು 1600 ವರ್ಷ. ಹೊಳಪು ಸತ್ತಿದ್ದರೂ ವಿಷ ಸತ್ತಿರುವುದಿಲ್ಲ. ಅಜ್ಜನ ಹಳೆಯ ಗಡಿಯಾರದ ಮುಚ್ಚಳ ತೆಗೆದು ಆ ಬಣ್ಣವನ್ನು ಉಗುರಿನಿಂದ ಕೆರೆಯುವ ಕೆಲಸವನ್ನು ದಯವಿಟ್ಟು ಯಾರೂ ಮಾಡಬೇಡಿ.

ಕಾಗದಪತ್ರಗಳ ವಿಷಯಕ್ಕೆ ಬರೋಣ. ಪೆಟ್ಟಿಗೆ ಮತ್ತು ಕಾಗದ ಇದ್ದರೆ ಕೊಳ್ಳುವವರಿಗೆ ಧೈರ್ಯ ಹೆಚ್ಚು, ಬೆಲೆಯೂ ಹೆಚ್ಚು. ಹಾಗಾಗಿಯೇ ಹಳೆಯ ಪೆಟ್ಟಿಗೆಗಳೂ ಖಾಲಿ ಗ್ಯಾರಂಟಿ ಚೀಟಿಗಳೂ ಗಡಿಯಾರದಿಂದ ಬೇರ್ಪಟ್ಟು ತಮ್ಮದೇ ದರದಲ್ಲಿ ಮಾರಾಟವಾಗುತ್ತವೆ. ಪಟೇಕ್ ಫಿಲಿಪ್, ಲಾಂಜೀನ್‌ನಂಥ ಕಂಪನಿಗಳು ತಮ್ಮ ಹಳೆಯ ಲೆಡ್ಜರ್‌ಗಳನ್ನು ನೋಡಿ, ಇಂಥ ನಂಬರಿನ ಗಡಿಯಾರ ಇಂಥ ವರ್ಷ ತಯಾರಾಯಿತು ಎಂದು ಬರೆದುಕೊಡುತ್ತವೆ. ಇದು ಅಮೂಲ್ಯವಾದ ಸಾಕ್ಷ್ಯ ಎಂಬುದರಲ್ಲಿ ಎರಡು ಮಾತಿಲ್ಲ. ಆದರೂ ಆ ಪತ್ರ ಹೇಳುವುದು ಆ ನಂಬರಿನ ಗಡಿಯಾರ ಒಂದು ಕಾಲದಲ್ಲಿ ಇತ್ತು ಎಂಬುದನ್ನು. ನಿಮ್ಮ ಕೈಯಲ್ಲಿರುವುದೇ ಅದು ಎಂದು ಅದು ಹೇಳಲಾರದು. ನಂಬರನ್ನು ಕೊರೆಯಬಹುದು, ಸಾಚಾ ನಂಬರಿನ ಮಷೀನಿಗೆ ಬೇರೆ ಕೇಸನ್ನೂ ಬೇರೆ ಡಯಲನ್ನೂ ತೊಡಿಸಬಹುದು. ಪತ್ರ ಸರಿಯಿದೆ ಎಂದು ನೋಡಿದ ಮೇಲೂ ಗಡಿಯಾರವನ್ನು ಬಿಚ್ಚಿ ನೋಡುವ ಕೆಲಸ ಉಳಿದೇ ಇರುತ್ತದೆ. ಪೈಲಟ್ ಎಂಬ ಹೆಸರನ್ನು ಹಿಡಿದು ‘ಇದು ವಾಯುಪಡೆಯ ಅಧಿಕಾರಿಯೊಬ್ಬರದು’ ಎಂದು ಕತೆ ಕಟ್ಟಿ ಮಾರುವವರು ನಮ್ಮಲ್ಲಿದ್ದಾರೆ. ದಾಖಲೆಯಿಲ್ಲದ ಇಂಥ ಕತೆಗೆ ಒಂದು ರೂಪಾಯಿಯನ್ನೂ ಹೆಚ್ಚು ಕೊಡಬಾರದೆಂಬುದು ನನ್ನ ಅಭಿಪ್ರಾಯ.

ಕಾನೂನು ಏನು ಹೇಳುತ್ತದೆ ಎಂದು ಈ ಮೊದಲೇ ಒಬ್ಬರು ಕೇಳಿದ್ದರು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಅನುಚಿತ ವ್ಯಾಪಾರ ಪದ್ಧತಿಗಳನ್ನು ಪಟ್ಟಿ ಮಾಡುವಾಗ, ಹಳೆಯ, ಬಳಸಿದ, ದುರಸ್ತಿಯಾದ ವಸ್ತುವನ್ನು ಹೊಸದೆಂದು ಸುಳ್ಳು ಹೇಳಿ ಮಾರುವುದನ್ನು ಹೆಸರಿಸಿಯೇ ಹೇಳುತ್ತದೆ. ನಮ್ಮ ಈ ಮಾರುಕಟ್ಟೆಯಲ್ಲಿ ಅದು ತಲೆಕೆಳಗಾಗಿದೆ: ಇಲ್ಲಿ ಹೊಸ ಬಣ್ಣವನ್ನು ಹಳೆಯದೆಂದು ಮಾರುತ್ತಾರೆ. ವಸ್ತುವಿನ ಗುಣ, ಮಾದರಿಗಳ ಬಗ್ಗೆ ಸುಳ್ಳು ಹೇಳುವುದೂ ಅದೇ ಪಟ್ಟಿಯಲ್ಲಿರುವುದರಿಂದ ಇಂಥ ವ್ಯಾಪಾರಿಗಳು ಕಾನೂನಿನ ಹೊರಗೇನೂ ಇಲ್ಲ. ಆದರೆ ಮೂರು ಸಾವಿರ ರೂಪಾಯಿಯ ಗಡಿಯಾರಕ್ಕಾಗಿ ಗ್ರಾಹಕ ಆಯೋಗದ ಬಾಗಿಲು ತಟ್ಟುವವರು ಎಷ್ಟು ಮಂದಿ? ನಾನೂ ತಟ್ಟಲಿಲ್ಲ. ಮಾರಿದವರಿಗೆ ಫೋನ್ ಮಾಡಿದೆ. “ಹಳೆಯ ಡಯಲ್ ಇದ್ದರೆ ನೀವೇ ಕೊಳ್ಳುತ್ತಿರಲಿಲ್ಲ ಸಾರ್, ಎಲ್ಲರಿಗೂ ಫ್ರೆಶ್ ಪೀಸೇ ಬೇಕು” ಎಂದರು.

ಆ ಮಾತು ನನ್ನನ್ನು ಬಹಳ ದಿನ ಬಿಡಲಿಲ್ಲ. ಅದರಲ್ಲಿ ಒಂದು ಪಾಲು ಸತ್ಯವಿದೆ. ನೂರು ಗಡಿಯಾರಗಳ ರಾಶಿಯಲ್ಲಿ ನಮ್ಮ ಕೈ ಹೋಗುವುದು ಹೊಳೆಯುವುದರ ಕಡೆಗೇ. ಚುಕ್ಕೆ ಬಿದ್ದ, ಅಂಚು ಹಳದಿಗಟ್ಟಿದ, ಕಾರ್ಖಾನೆಯಲ್ಲಿ ಒತ್ತಿದ ಅಕ್ಷರಗಳು ಇನ್ನೂ ಹಾಗೆಯೇ ಇರುವ ಡಯಲನ್ನು ನಾವು ಬದಿಗೆ ಸರಿಸುತ್ತೇವೆ. ವ್ಯಾಪಾರಿ ಅದನ್ನೇ ಎತ್ತಿಕೊಂಡು ಹೋಗಿ ಬಣ್ಣ ಹೊಡೆಸುತ್ತಾನೆ. ಒಮ್ಮೆ ಬಣ್ಣ ಕಿತ್ತರೆ ಆ ಮೂಲ ಮುಖ ಮತ್ತೆ ಬರುವುದಿಲ್ಲ. ಜನತಾ ಎಂದು ದೇವನಾಗರಿಯಲ್ಲಿ ಅಚ್ಚಾದ ಡಯಲ್‌ಗಳು, ಕಾಲಕಾಲಕ್ಕೆ ಬದಲಾದ ಅಕ್ಷರಗಳ ರೂಪ, ಯಾವ ಕಾಲಕ್ಕೆ ಯಾವ ಬಣ್ಣ ಎಂಬ ವಿವರ, ಇವೆಲ್ಲ ಸೇರಿದರೆ ಬೆಂಗಳೂರಿನ, ತುಮಕೂರಿನ ಕಾರ್ಖಾನೆಗಳಲ್ಲಿ ಅರ್ಧ ಶತಮಾನ ನಡೆದ ಕೆಲಸದ ಚರಿತ್ರೆಯಾಗುತ್ತದೆ. ಕಾರ್ಖಾನೆಗಳೇ ಮುಚ್ಚಿರುವಾಗ ಆ ಚರಿತ್ರೆಗೆ ಉಳಿದಿರುವ ಸಾಕ್ಷಿಗಳಲ್ಲಿ ಈ ಡಯಲ್‌ಗಳೂ ಸೇರಿವೆ. ಪ್ರತಿಯೊಂದು ಕಳ್ಳ ಅಚ್ಚಿನಡಿ ಅಂಥ ಒಂದು ಸಾಕ್ಷಿ ಅಳಿಸಿಹೋಗುತ್ತಿದೆ. ಇದಕ್ಕೇ ನಾನು ಇಷ್ಟು ಕಳವಳಪಡುವುದು.

ನಮ್ಮ ತಂದೆಯವರ ಜನತಾ ಈಗ ನನ್ನ ಬಳಿ ಇದೆ. ಅದರ ಗಾಜು ಎರಡು ಬಾರಿ ಬದಲಾಗಿದೆ, ಕೀ ಒಮ್ಮೆ ಬದಲಾಗಿದೆ. ಡಯಲ್ ಮೇಲೆ ಮೂರು ಗಂಟೆಯ ಬಳಿ ತೇವ ತಾಗಿದ ಒಂದು ಕಂದು ಕಲೆ ಇದೆ. ಇವಿಷ್ಟನ್ನೂ ಒಂದು ಚೀಟಿಯಲ್ಲಿ ಬರೆದು, ದಿನಾಂಕ ಹಾಕಿ, ಗಡಿಯಾರದ ಡಬ್ಬಿಯೊಳಗೆ ಇಟ್ಟಿದ್ದೇನೆ. ಈ ಪೈಲಟ್‌ನ ಡಬ್ಬಿಯಲ್ಲೂ ಒಂದು ಚೀಟಿ ಇದೆ: ಮಷೀನು ಮೂಲದ್ದು, ಡಯಲ್ ಮರುಮುದ್ರಣ, ಕೆಳಗೆ ಬಿಳಿಯ ಬಣ್ಣ ಕಾಣುತ್ತದೆ. ನಾನು ಇಲ್ಲದ ಮೇಲೆ ಯಾರ ಕೈಗೆ ಹೋದರೂ ಈ ಗಡಿಯಾರ ಇನ್ನೊಮ್ಮೆ ಸುಳ್ಳು ಹೇಳಬಾರದು ಎಂದು ಹಾಗೆ ಮಾಡಿದ್ದೇನೆ.

ನಿಮ್ಮಲ್ಲಿ ಕೆಲವರು ಮನೆಯ ಹಳೆಯ ಗಡಿಯಾರಗಳನ್ನು ತಂದಿದ್ದೀರಿ. ಮಸೂರ ಈ ಮೇಜಿನ ಮೇಲಿದೆ, ಬೆಳಕೂ ಇಲ್ಲಿ ಚೆನ್ನಾಗಿದೆ. ಮೊದಲು ಈ ಪೈಲಟ್‌ನ ನಡುವಿನ ತೂತಿನ ಅಂಚನ್ನು ನೋಡಿ, ಆಮೇಲೆ ನಿಮ್ಮದನ್ನು ನೋಡೋಣ.